ಬಲಗಡೆ ಕಟ್ಟಿದ ಬೆಳ್ಳಕ್ಕಿ

ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದ ಒಂದು ಮದುವೆಗೆ ಹೊರಟಿದ್ದಾಗ ನಮ್ಮ ಬಸ್ಸು ಶಿರಾದಲ್ಲಿ ಕೆಟ್ಟು ನಿಂತಿತು. ಡ್ರೈವರು ಬಾನೆಟ್ಟಿನೊಳಗೆ ತಲೆ ತೂರಿಸಿ "ಬರೀ ಅರ್ಧ ಗಂಟೆ ಅಮ್ಮ" ಎಂದ. ಡ್ರೈವರುಗಳ ಅರ್ಧ ಗಂಟೆಯ ಅಳತೆ ನನಗೆ ಚೆನ್ನಾಗಿ ಗೊತ್ತು. ಇಳಿದು ಹಳೆಯ ಪೇಟೆಯ ಕಡೆ ಕಾಲು ಹಾಕಿದೆ. ಒಂದು ಓಣಿಯ ಬಾಯಲ್ಲಿ ಯಾರೋ ಮೈದಾ ಅಂಟು ಕುದಿಸುತ್ತಿದ್ದರು. ಹುಳ ಹಿಡಿಯದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಹಾಕಿದ ಕೂಡಲೇ ಅದರ ವಾಸನೆ ಗಂಜಿಯದೂ ಅಲ್ಲ, ಔಷಧಿಯದೂ ಅಲ್ಲ ಅನ್ನುವ ಹಾಗಾಗುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮೊಣಕಾಲಿನ ನೋವು ಮರೆತು ನಿಂತುಬಿಟ್ಟೆ. ಎದುರಿಗೆ ಪುಸ್ತಕ ಕಟ್ಟುವ ಗಫಾರ್ ಸಾಹೇಬರ ಅಂಗಡಿ ಇರಬೇಕಿತ್ತು. ಅಲ್ಲಿ ಮೊಬೈಲು ರಿಪೇರಿ ಮಾಡುತ್ತಿದ್ದರು.

ನಾನು ಶಿರಾಕ್ಕೆ ಮೊದಲು ಬಂದದ್ದು ಆಣೆ ಹೋಗಿ ನಯಾಪೈಸೆ ಬಂದು ಒಂದೆರಡು ವರ್ಷವಾಗಿದ್ದ ಕಾಲದಲ್ಲಿ, ಹುಡುಗಿಯರ ಮಿಡ್ಲ್‌ಸ್ಕೂಲಿಗೆ ಡ್ರಾಯಿಂಗ್ ಟೀಚರಾಗಿ. ನನಗೆ ಇಪ್ಪತ್ತೆರಡು. ಆರ್ಡರು ಕೈಗೆ ಬಂದ ದಿನ ಕೊರಟಗೆರೆಯಲ್ಲಿ ನಮ್ಮಮ್ಮ "ಚಿತ್ರ ಬರಿಯೋದಕ್ಕೂ ಸಂಬಳ ಕೊಡ್ತಾರೇನೇ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದಳು. ಹೆಡ್‌ಮಿಸ್ಟ್ರೆಸ್ ಶಾರದಮ್ಮನವರ ಮನೆಯ ಹಿಂದಿನ ಒಂದು ಕೋಣೆಯಲ್ಲಿ ನನ್ನ ಬಿಡಾರ. ಒಂದು ಟ್ರಂಕು, ಒಂದು ಸೀಮೆಎಣ್ಣೆ ಸ್ಟವ್, ಬೇಕಾದದ್ದಕ್ಕಿಂತ ಹೆಚ್ಚು ಕೋಪ, ಇವಿಷ್ಟು ನನ್ನ ಆಸ್ತಿ.

ಆ ವರ್ಷ ಅಂದರೆ ನನಗೆ ನೆನಪಾಗುವುದು ಆಷಾಢದ ಗಾಳಿ. ಶಿರಾದ ಆಷಾಢದಲ್ಲಿ ಮಳೆಗಿಂತ ಗಾಳಿಯದೇ ದರ್ಬಾರು. ಪಡುವಣದಿಂದ ಮೋಡಗಳು ಬಂದು, ನಮ್ಮ ಮೇಲೆ ನೆರಳನ್ನಷ್ಟೇ ಉದುರಿಸಿ, ಪಾವಗಡದ ಕಡೆಗೆ ಹೊರಟುಹೋಗುತ್ತಿದ್ದವು. ಸ್ಕೂಲಿನ ಜಗಲಿಯಲ್ಲಿ ಕೂತರೆ ಕಡಲೆಕಾಯಿ ಹೊಲಗಳ ಮೇಲೆ ಆ ನೆರಳು ಸರಿಯುವುದು ಕಾಣುತ್ತಿತ್ತು. ಒಂದು ಹೊಲ ಕಪ್ಪಾಗುವುದು, ಬೆಳಗುವುದು, ಪಕ್ಕದ್ದು ಕಪ್ಪಾಗುವುದು. ನೋಡುತ್ತ ನೋಡುತ್ತ ಮೋಡ ನಿಂತೇ ಇದೆ, ಹೊಲಗಳೇ ನಡೆದುಹೋಗುತ್ತಿವೆ ಅನ್ನಿಸಿ ಕಣ್ಣು ತೂಗುತ್ತಿತ್ತು. ಮೇಜಿನ ಮೇಲೆ ತೆರೆದಿಟ್ಟ ಪುಸ್ತಕಗಳು ತಮ್ಮ ಪಾಡಿಗೆ ತಾವೇ ಹಾಳೆ ತಿರುವಿಕೊಳ್ಳುತ್ತಿದ್ದವು.

ಆಗ ಕೆರೆಯ ಹತ್ತಿರ ಒಂದು ಟೂರಿಂಗ್ ಟಾಕೀಸು ಡೇರೆ ಹಾಕಿತ್ತು. ನಮ್ಮ ಏಳನೇ ಕ್ಲಾಸಿನ ಹುಡುಗಿಯರನ್ನು ಸ್ಕೂಲಿನ ಆಯಾ ರಂಗಮ್ಮನ ಕಾವಲಿನಲ್ಲಿ ಸಂಜೆಯ ಆಟಕ್ಕೆ ಕಳಿಸಿದ್ದರು. ದೊಡ್ಡ ಸಿನಿಮಾಕ್ಕೆ ಮೊದಲು ಹತ್ತು ನಿಮಿಷ ಬಿಟ್ಟಿಯಾಗಿ ಚಿತ್ರ ಬರೆದು ಮಾಡಿದ ಒಂದು ಸಿನಿಮಾ ತೋರಿಸಿದರಂತೆ. ಅದರಲ್ಲಿ ಒಂದು ಕತ್ತೆ ಕೊಡೆ ಹಿಡಿದು ಮಳೆಯಲ್ಲಿ ನಡೆಯುತ್ತದೆ, ಜಾರಿ ಬೀಳುತ್ತದೆ, ಎದ್ದು ಕೊಡೆಗೇ ಒದೆಯುತ್ತದೆ. ದೊಡ್ಡ ಸಿನಿಮಾದ ಕತೆ ಏನೆಂದು ಮಾರನೆಯ ದಿನ ಒಬ್ಬಳಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಕತ್ತೆಯೇ.

"ನಾನು ಪರದೆ ಹಿಂದ್ಕೂ ಹೋಗಿ ನೋಡ್ಕಂಡ್ ಬಂದ್ಬುಟ್ಟೆ ಟೀಚರಮ್ಮ," ಎಂದಳು ರಂಗಮ್ಮ. "ತೊಗಲುಗೊಂಬೆ ಆದ್ರೆ ಆಡ್ಸೋರು ಕೂತಿರ್ಬೇಕಲ್ವಾ? ಒಂದ್ ನರಪಿಳ್ಳೆನೂ ಇರ್ಲಿಲ್ಲ. ಬರ್ದಿರೋ ಕತ್ತೆ ಅದೆಂಗೆ ನಡೀತದೆ?"

ಬರೆದದ್ದು ಹೇಗೆ ನಡೆಯುತ್ತದೆ ಎಂಬುದು ಡ್ರಾಯಿಂಗ್ ಟೀಚರಿಗೆ ಗೊತ್ತಿರಲೇಬೇಕು ಎಂಬಂತೆ ನಲವತ್ತು ಹುಡುಗಿಯರು ನನ್ನ ಮುಖ ನೋಡಿದರು. ಪುಣ್ಯಕ್ಕೆ ಗೊತ್ತಿತ್ತು. ಟ್ರೇನಿಂಗಿನಲ್ಲಿ ನಮ್ಮ ಮೇಷ್ಟರೊಬ್ಬರು ತೋರಿಸಿಕೊಟ್ಟಿದ್ದರು. ಅವರನ್ನೆಲ್ಲ ಸಾಮಾನಿನ ಕೋಣೆಗೆ ತುಂಬಿ, ಬಾಗಿಲು ಮುಚ್ಚಿ, ಹೊತ್ತಿಸಿದ ಒಂದು ಊದುಬತ್ತಿಯನ್ನು ಗರಗರ ತಿರುಗಿಸಿದೆ. ಕತ್ತಲಲ್ಲಿ ಕೆಂಪು ಬಳೆಯೊಂದು ಮೂಡಿತು. "ಬಳೆ ಎಲ್ಲಿದೆ? ಇರೋದು ಒಂದು ಕಿಡಿ," ಎಂದೆ. "ಕಣ್ಣು ಕಂಡದ್ದನ್ನ ತಕ್ಷಣ ಬಿಟ್ಟುಕೊಡಲ್ಲ, ಒಂದು ಗಳಿಗೆ ಹಿಡಿದಿಟ್ಟುಕೊಳ್ಳುತ್ತೆ. ಅದು ಬಿಡೋ ಮೊದಲೇ ಇನ್ನೊಂದು ಬಂದರೆ ಎರಡನ್ನೂ ಸೇರಿಸಿ ಹೊಲಿದುಬಿಡುತ್ತೆ." ಆಮೇಲೆ ಪೋಸ್ಟ್‌ಕಾರ್ಡನ್ನು ದುಂಡಗೆ ಕತ್ತರಿಸಿ, ಒಂದು ಮಗ್ಗುಲಲ್ಲಿ ಗಿಣಿ, ಇನ್ನೊಂದರಲ್ಲಿ ಪಂಜರ ಬರೆದು, ಎರಡು ಕಡೆ ದಾರ ಕಟ್ಟಿ ಹೊಸೆದು ತಿರುಗಿಸಿದೆ. ಗಿಣಿ ಪಂಜರದೊಳಗೆ ಬಂದು ಕೂತಿತು. ಹುಡುಗಿಯರು ಹೋ ಎಂದರು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲೇ, "ಬರೋ ಸೋಮವಾರದ ಹೊತ್ತಿಗೆ ಒಂದು ಹಕ್ಕಿಯನ್ನು ನಿಮ್ಮ ಕಣ್ಣೆದುರಿಗೇ ಹಾರಿಸ್ತೀನಿ," ಎಂದು ಮಾತು ಕೊಟ್ಟುಬಿಟ್ಟೆ.

ಕೊಟ್ಟದ್ದು ಸುಲಭ. ಬೆಳಗ್ಗೆ ಎದ್ದು ಕೆರೆ ಏರಿಯ ಮೇಲೆ ಕೂತು ಬೆಳ್ಳಕ್ಕಿಗಳನ್ನು ನೋಡುತ್ತಿದ್ದೆ. ಬೆಳ್ಳಕ್ಕಿ ಸುಮ್ಮನೆ ಹಾರುವುದಿಲ್ಲ. ಮೊದಲು ಕುತ್ತಿಗೆ ಒಳಗೆಳೆದು, ಮೈ ಕುಗ್ಗಿಸಿ, ಇನ್ನು ಕೂತೇಬಿಡುತ್ತದೇನೋ ಅನ್ನುವಷ್ಟು ತಗ್ಗುತ್ತದೆ. ಏಳುವುದು ಆಮೇಲೆ. ಶಾರದಮ್ಮನವರ ಗುಂಪು ಫೋಟೋದ ಚೌಕಟ್ಟಿನಿಂದ ಗಾಜು ಬಿಚ್ಚಿ, ಕಿಟಕಿಯ ಸರಳಿಗೆ ಒರಗಿಸಿ, ಬರೆದ ಹಾಳೆಯ ಮೇಲೆ ಹೊಸ ಹಾಳೆ ಇಟ್ಟು, ಬೆಳಕಿನಲ್ಲಿ ಕಂಡ ಗೆರೆಗಿಂತ ಕೂದಲೆಳೆಯಷ್ಟು ಬದಲಿಸಿ ಬರೆಯುತ್ತ ಹೋದೆ. ಕಡಿಮೆ ಬದಲಿಸಿದರೆ ಹಕ್ಕಿ ನಿಧಾನ, ಹೆಚ್ಚು ಬದಲಿಸಿದರೆ ಚುರುಕು. ಇನ್ನೂ ಹೆಚ್ಚಾದರೆ ಹಾರುವುದಿಲ್ಲ, ಬೆಚ್ಚಿಬಿದ್ದ ಹಾಗೆ ಕುಪ್ಪಳಿಸುತ್ತದೆ. ಅಂಗೈಯಗಲದ ತೊಂಬತ್ತಾರು ಹಾಳೆಗಳಾದವು. ಮೊದಲನೆಯದರಲ್ಲಿ ಬೆಳ್ಳಕ್ಕಿ ನೀರಿನಲ್ಲಿ ನಿಂತಿದೆ. ನಡುವೆ ಏಳುತ್ತದೆ, ದೂರವಾಗುತ್ತದೆ, ಚುಕ್ಕೆಯಾಗುತ್ತದೆ. ಕೊನೆಯ ಆರು ಹಾಳೆಗಳಲ್ಲಿ ಏನೂ ಇಲ್ಲ, ಹಕ್ಕಿ ಹೋದ ಮೇಲಿನ ಬರಿಯ ಬಿಳುಪು. ಆ ಖಾಲಿ ಹಾಳೆಗಳ ಬಗ್ಗೆಯೇ ನನಗೆ ಹೆಚ್ಚು ಹೆಮ್ಮೆ. ತೊಂಬತ್ತಾರರಲ್ಲಿ ಯಾವುದನ್ನು ತೆಗೆದು ನೋಡಿದರೂ ಹಕ್ಕಿ ಅಲ್ಲಾಡುವುದಿಲ್ಲ. ಹಾರುವುದೆಲ್ಲ ಎರಡು ಹಾಳೆಗಳ ನಡುವೆ, ಏನೂ ಬರೆಯದ ಜಾಗದಲ್ಲಿ. ಇದು ಹೊಳೆದ ದಿನ ನನಗೆ ಊಟ ಸೇರಲಿಲ್ಲ.

ಹಾಳೆಗಳನ್ನು ಜೋಡಿಸಿ, ಮೊದಲನೆಯದು ಮೇಲೆ ಬರುವ ಹಾಗೆ ದಾರ ಸುತ್ತಿ, ಶನಿವಾರ ಗಫಾರ್ ಸಾಹೇಬರಿಗೆ ಕಟ್ಟಲು ಕೊಟ್ಟೆ. ಸ್ಕೂಲಿನ ರಿಜಿಸ್ಟರು, ಲೈಬ್ರರಿ ಪುಸ್ತಕ, ಮಸೀದಿಯ ಮದ್ರಸಾದ ಕಿತಾಬುಗಳು, ಎಲ್ಲಕ್ಕೂ ಊರಿಗೆ ಅವರೊಬ್ಬರೇ ಬೈಂಡರು. ಅರವತ್ತರ ಹತ್ತಿರದ ವಯಸ್ಸು, ಅಂಟು ಒಣಗಿ ಬಿರುಕು ಬಿಟ್ಟ ಬೆರಳುಗಳು. ಪ್ರತಿ ಪುಸ್ತಕ ಕಟ್ಟಿ ಮುಗಿದ ಮೇಲೆ ಅವರದೊಂದು ಪರೀಕ್ಷೆ. ಹೆಬ್ಬೆರಳಿನಿಂದ ಹಾಳೆಗಳನ್ನೆಲ್ಲ ಒಟ್ಟಿಗೆ ಎತ್ತಿ ಹಿಡಿದು, ತಳದಿಂದ ಒಂದೊಂದಾಗಿ ಬೀಳಲು ಬಿಡುವರು. ಫರ್ರೆಂದು ಒಂದೇ ಉಸಿರಿಗೆ ಸದ್ದು ಬಂದರೆ ಸರಿ. ನಡುವೆ ಎಲ್ಲಾದರೂ ತೊಡರಿದರೆ ಅಲ್ಲಿ ಹಾಳೆ ಅಂಟಿಕೊಂಡಿದೆ ಎಂದು ಅರ್ಥ.

ಸೋಮವಾರ ಬೆಳಗ್ಗೆ ಅಂಗಡಿಯಲ್ಲೇ ಪುಸ್ತಕ ಬಿಚ್ಚಿ ನೋಡಿದೆ. ಎಡಗೈಯಲ್ಲಿ ಬೆನ್ನು ಹಿಡಿದರೆ ಹಕ್ಕಿಯ ಕಾಲು ಮೇಲೆ, ಕೊಕ್ಕು ಕೆಳಗೆ, ಕೆರೆ ಆಕಾಶದಲ್ಲಿ. ಸಾಹೇಬರು ಬಲಗಡೆಗೆ ಕಟ್ಟಿಬಿಟ್ಟಿದ್ದರು, ಬಲದಿಂದ ಎಡಕ್ಕೆ ಓದುವ ಉರ್ದು ಕಿತಾಬಿನಂತೆ. ನನ್ನ ಕೋಪಕ್ಕೆ ಆಗ ಕಡಿವಾಣವಿರಲಿಲ್ಲ. ಬೀದಿಯ ನಾಲ್ಕು ಜನ ತಿರುಗಿ ನೋಡುವ ಹಾಗೆ, "ಇಷ್ಟು ವರ್ಷದ ಕಸುಬು ನಿಮ್ಮದು, ಯಾವ ಕಡೆ ಕಟ್ಟಬೇಕು ಅಂತ ನಾನು ಹೇಳಿಕೊಡಬೇಕಾ?" ಎಂದು ಕೂಗಾಡಿದೆ.

"ಮಾಫ್ ಮಾಡಿ ಟೀಚರಮ್ಮ. ಬಿಚ್ಚಿ ಕಟ್ಬುಡ್ತೀನಿ," ಎಂದು ಅವರು ಪುಸ್ತಕ ಇಸಿದುಕೊಂಡರು. ಮೇಲಿನ ಹಾಳೆಯನ್ನು ಬೆರಳಿನಿಂದ ಸವರಿದರು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಬಾಗಿಲ ಬೆಳಕಿಗೆ ಓರೆ ಮಾಡಿದರು. ಆಮೇಲೆ ಬಹಳ ಮೆಲ್ಲಗೆ, "ಮೇಲ್ ಯಾವ್ದು, ಕೆಳಗ್ ಯಾವ್ದು, ನೀವೇ ಒಂದು ಬೆರಳು ಇಟ್ಟು ತೋರಿಸ್ಬುಡಿ," ಎಂದರು.

ನಾನು ಅವರ ಮುಖ ನೋಡಿದ್ದು ಅವತ್ತೇ ಮೊದಲು. ಎರಡು ಕಣ್ಣಪಾಪೆಗಳ ಮೇಲೂ ಹಾಲಿನ ಕೆನೆ ಕಟ್ಟಿದಂತೆ ಪೊರೆ ಬಂದಿತ್ತು.

ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರೇ ಹೇಳಿದರು. ಮೂರು ವರ್ಷದಿಂದ ಮಬ್ಬು. ಹೆಂಡತಿ ಜುಲೇಖಾಬಿ ಸೂಜಿಗೆ ದಾರ ಪೋಣಿಸಿ ಕೊಡುತ್ತಾಳೆ, ಪುಸ್ತಕ ಕನ್ನಡದ್ದೋ ಉರ್ದುವಿನದೋ ನೋಡಿ ಹೇಳುತ್ತಾಳೆ, ಯಾವ ಕಡೆ ಹೊಲಿಯಬೇಕೋ ಅತ್ತ ಅವರ ಕೈಯನ್ನು ಹಿಡಿದು ಇಡುತ್ತಾಳೆ. ಆ ತಿಂಗಳು ಆಕೆ ಮಗಳ ಬಾಣಂತನಕ್ಕೆಂದು ಮಧುಗಿರಿಗೆ ಹೋಗಿದ್ದಳು. "ಅಕ್ಷರ ಇದ್ರೆ ಕಪ್ಪುಕಪ್ಪಗೆ ಏನೋ ಗೊತ್ತಾಗ್ತದೆ. ನಿಮ್ದು ಬರೀ ಹಕ್ಕಿ. ಕೈಗೆ ಏನೂ ಸಿಗ್ಲಿಲ್ಲ. ನಮ್ ಅಬ್ಬಾ ಮೊದ್ಲು ಕಲಿಸಿದ್ದು ಉರ್ದು ಖಾಯಿದೆ, ಅದೇ ಮಕ್ಳ ಅಕ್ಷರದ ಪುಸ್ತಕ, ಕಟ್ಟೋದು. ಕೈ ಅಲ್ಲಿಗೇ ಹೋಗ್ಬುಡ್ತು." ಕೊನೆಗೆ, "ದೊಡ್ಡ ಟೀಚರಿಗೆ ಹೇಳ್ಬೇಡಿ ಬೇಟಿ. ಸ್ಕೂಲಿನ ಕೆಲ್ಸ ಹೋದ್ರೆ ನಂಗೆ ಬೇರೆ ಏನೂ ಬರಲ್ಲ," ಎಂದರು.

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಪುಸ್ತಕವನ್ನೂ ಬಿಚ್ಚಿಸಲಿಲ್ಲ. ಕ್ಲಾಸಿಗೆ ಹಾಗೇ ಒಯ್ದೆ. ಬಲಗೈಯಲ್ಲಿ ಬೆನ್ನು ಹಿಡಿದು, ಹಾಳೆಗಳನ್ನು ಹಿಂದಕ್ಕೆ ಬಗ್ಗಿಸಿ, ಎಡ ಹೆಬ್ಬೆರಳಿನಿಂದ ಮೇಲಿನ ಹಾಳೆಯಿಂದ ಬಿಡುತ್ತ ಬಂದರೆ ಹಕ್ಕಿ ಸೊಗಸಾಗಿ ಹಾರುತ್ತಿತ್ತು. ಎಡಗೈ ರೂಢಿಯಿಲ್ಲದ ನಾವೇ ಪೆದ್ದರು, ಅಷ್ಟೆ. ಹುಡುಗಿಯರು ಒಂದೇ ದಿನದಲ್ಲಿ ಕಲಿತರು. ರಂಗಮ್ಮ ಪುಸ್ತಕವನ್ನು ತಿರುಗಿಸಿ ಹಿಂದುಗಡೆ ನೋಡಿ, "ಇಲ್ಲೂ ಯಾರೂ ಇಲ್ವಲ್ಲ ಕಣ್ರಮ್ಮ!" ಎಂದಳು. ವಾರ ಕಳೆಯುವುದರೊಳಗೆ ಬೆಳ್ಳಕ್ಕಿ ಪೇಟೆಯೆಲ್ಲ ಸುತ್ತಿತು. ಕಂಬಳಿ ಅಂಗಡಿಯವರು, ಅತ್ತರಿನವರು, ಕ್ಷೌರದ ಅಂಗಡಿಯಲ್ಲಿ ಕಾದು ಕೂತವರು, ಎಲ್ಲರೂ ನೋಡಿ, "ಏನ್ ಸಾಹೇಬ್ರೇ, ಭಾಳ ಚೆಂದ ಕಟ್ಟಿದೀರಿ" ಎಂದು ಅವರ ಬೆನ್ನು ತಟ್ಟಿದರು.

ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂದು ನಾನು ದಿನಾ ಸ್ಕೂಲು ಬಿಟ್ಟ ಮೇಲೆ ಅಂಗಡಿಗೆ ಹೋಗಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ಹೊರಗೆ ಗಾಳಿ ಧೂಳನ್ನು ಎತ್ತಿ ಎತ್ತಿ ಹಾಕುತ್ತಿತ್ತು, ಒಳಗೆ ಅಂಟು ತೊಪತೊಪ ಕುದಿಯುತ್ತಿತ್ತು. ಕಾಗದದ ರಾಶಿಯ ನಡುವೆ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಸಾಹೇಬರು ಆಗಾಗ ಬೆಳ್ಳಕ್ಕಿಯನ್ನು ಕೈಗೆ ತೆಗೆದುಕೊಂಡು ಫರ್ರೆನಿಸಿ ಕಿವಿಯ ಹತ್ತಿರ ಹಿಡಿಯುವರು.

"ರೆಕ್ಕೆ ಸದ್ದು ಬರ್ತದೆ. ಹಕ್ಕಿ ಬರಲ್ಲ," ಎನ್ನುವರು. "ಈಗ ಅದು ಏನ್ ಮಾಡ್ತಿದೆ, ಹೇಳಿ?"

"ಕುತ್ತಿಗೆ ಒಳಗೆಳಕೊಂಡು ಕುಗ್ಗಿದೆ."

"ಯಾಕೆ?"

"ಹಾರೋದಕ್ಕೆ."

"ಅರೆ! ಹಾರೋದಕ್ಕೆ ಯಾರಾದ್ರೂ ಕೂರ್ತಾರಾ?" ಎಂದು ಮಗುವಿನಂತೆ ನಗುವರು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ.

ಶ್ರಾವಣ ಹುಟ್ಟುವ ಹೊತ್ತಿಗೆ ಜುಲೇಖಾಬಿ ಹಿಂತಿರುಗಿದಳು. ಮಧುಗಿರಿಯ ಆಸ್ಪತ್ರೆಗೆ ಕಣ್ಣಿನ ಡಾಕ್ಟರೊಬ್ಬರು ಬರುತ್ತಾರೆ, ಪೊರೆ ತೆಗೆಯುತ್ತಾರೆ ಎಂಬ ಸುದ್ದಿಯನ್ನೂ ತಂದಿದ್ದಳು. ಸಾಹೇಬರು ಕೇಳಲೂ ತಯಾರಿಲ್ಲ. ಅವರ ಅಣ್ಣನಿಗೆ ಊರೂರು ತಿರುಗುವ ಒಬ್ಬ ಸೂಜಿ ವೈದ್ಯ ಪೊರೆ ಇಳಿಸಲು ಹೋಗಿ, ಇದ್ದಬದ್ದ ಬೆಳಕೂ ಆರಿಹೋಗಿತ್ತು. "ಈ ಮಬ್ಬಾದ್ರೂ ಇದೆಯಲ್ಲ, ಇದ್ನೂ ಕಳಕೊಳ್ಳಾ?" ಎಂದು ಮುಖ ತಿರುಗಿಸಿದರು. ಜುಲೇಖಾಬಿ ಅತ್ತಳು. ಬೇಡಿದಳು. ಎರಡು ದಿನ ಒಲೆ ಹಚ್ಚಲಿಲ್ಲ. ಅವರು ಜಪ್ಪಯ್ಯ ಅನ್ನಲಿಲ್ಲ.

ನಾನು ಕೊಟ್ಟ ಮಾತು ಮುರಿದು ಶಾರದಮ್ಮನವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ತರಕಾರಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಗೊತ್ತು ಕಣಮ್ಮ," ಎಂದರು. "ಎರಡು ವರ್ಷದ ಹಿಂದೆ ಒಂದು ಅಟೆಂಡೆನ್ಸ್ ರಿಜಿಸ್ಟರು ಅರ್ಧ ತಲೆಕೆಳಗಾಗಿ ಬಂತು. ಅವತ್ತಿನಿಂದ ಅಚ್ಚಿನ ಪುಸ್ತಕ ಅವರಿಗೆ ಕಳಿಸ್ತಿಲ್ಲ, ಬರೀ ಬಿಳಿ ಹಾಳೆ ಪುಸ್ತಕಗಳೇ. ಬಿಳಿ ಹಾಳೆಗೆ ತಲೆ ಎಲ್ಲಿ, ಬುಡ ಎಲ್ಲಿ? ಆದರೆ ನೀನು ಬರೆದು ಕೊಡ್ತೀಯ ಅಂತ ನನಗೇನು ಕನಸು ಬಿದ್ದಿತ್ತಾ?"

ಹಾಗಾದರೆ ನಾವೆಲ್ಲ ಒಬ್ಬರದು ಒಬ್ಬರಿಗೆ ಗೊತ್ತಾಗದಂತೆ ಒಬ್ಬ ಮನುಷ್ಯನ ಕುರುಡುತನವನ್ನು ಕಾಪಾಡುತ್ತಿದ್ದೆವು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. ಮಾರನೆಯ ಸಂಜೆ ಸಾಹೇಬರು ಎಂದಿನಂತೆ ಬೆಳ್ಳಕ್ಕಿ ಹಿಡಿದು, "ಈಗ ಏನ್ ಮಾಡ್ತಿದೆ?" ಎಂದಾಗ, "ನಾನು ಹೇಳೋದಿಲ್ಲ," ಎಂದೆ.

"ಯಾಕೆ ಬೇಟಿ?"

"ಊರೆಲ್ಲ ನೋಡಿದೆ. ಕಟ್ಟಿದವರೊಬ್ಬರೇ ನೋಡಿಲ್ಲ. ನಿಮಗೆ ಬೇಕಿದ್ದರೆ ನೀವೇ ನೋಡಿ. ನನ್ನ ಬಾಯಿಂದ ಈ ಹಕ್ಕಿ ಇನ್ನು ಹಾರಲ್ಲ."

ಎಷ್ಟು ಕಠಿಣವಾದ ಮಾತು ಎಂದು ಆಡಿದ ಮೇಲೆ ತಿಳಿಯಿತು. ಅವರು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡರು. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. ನಾನು ದಾರದ ಉಂಡೆ ಇಟ್ಟು ಮನೆಗೆ ಹೋದೆ. ಮೂರನೆಯ ದಿನ ಜುಲೇಖಾಬಿ ಸ್ಕೂಲಿನ ಗೇಟಿಗೇ ಓಡಿಬಂದು, "ಒಪ್ಕೊಂಡ್ರು ಟೀಚರಮ್ಮ, ಒಪ್ಕೊಂಡ್ರು," ಎಂದಳು.

ಮಧುಗಿರಿಗೆ ನಾನು ಒಂದು ಭಾನುವಾರ ಬಸ್ಸಿನಲ್ಲಿ ಹೋದೆ. ಊರಿನ ನೆತ್ತಿಯ ಮೇಲೆ ಆ ಬೆಟ್ಟದಂಥ ಬಂಡೆ, ಬಂಡೆಯ ಮೈಮೇಲೆ ಹತ್ತಿಹೋಗುವ ಮೋಡದ ನೆರಳು. ಆಸ್ಪತ್ರೆಯ ವಾರ್ಡಿನಲ್ಲಿ ಸಾಹೇಬರು ಅಂಗಾತ ಮಲಗಿದ್ದರು. ಎರಡು ಕಣ್ಣಿಗೂ ಪಟ್ಟಿ, ತಲೆಯ ಎರಡು ಬದಿಗೆ ಮರಳಿನ ಚೀಲ. ಆಗ ಪೊರೆ ತೆಗೆದರೆ ದಿನಗಟ್ಟಲೆ ಹೊರಳುವಂತಿಲ್ಲ, ಕೆಮ್ಮುವಂತಿಲ್ಲ, ಜೋರಾಗಿ ನಗುವಂತೆಯೂ ಇಲ್ಲ. ನನ್ನ ದನಿ ಕೇಳಿ ಅವರ ಬೆರಳುಗಳು ಮಾತ್ರ ಹೊದಿಕೆಯ ಮೇಲೆ ಅಲ್ಲಾಡಿದವು.

"ನಾನೀಗ ನಿಮ್ ಒಂದ್ ಹಾಳೆ ಆಗ್ಬುಟ್ಟಿದೀನಿ," ಎಂದರು. "ಅಲ್ಲಾಡಂಗಿಲ್ಲ."

"ಕುಗ್ಗಿದೀರಿ, ಅಷ್ಟೆ," ಎಂದೆ. ಅವರು ನಗಬಾರದು ಎಂಬುದು ನನಗೆ ಮರೆತೇಹೋಗಿತ್ತು. ನರ್ಸು ನನ್ನನ್ನು ಗದರಿಸಿ ಹೊರಗೆ ಕಳಿಸಿದಳು.

ಪಟ್ಟಿ ಬಿಚ್ಚಿದ ದಿನ ಸಾಹೇಬರಿಗೆ ಕಂಡದ್ದು ಬರೀ ಕಣ್ಣು ಕೋರೈಸುವ ಬೆಳಕು. ಗೋಡೆ ಯಾವುದು, ಮಗಳು ಯಾರು, ಒಂದೂ ಗೊತ್ತಾಗಲಿಲ್ಲ. ದಪ್ಪ ಗಾಜಿನ ಕನ್ನಡಕ ಬಂದ ಮೇಲೆಯೇ ಸರಿಯಾಗುತ್ತದೆ, ಅದಕ್ಕೆ ಒಂದೂವರೆ ತಿಂಗಳು ಕಾಯಬೇಕು ಎಂದು ಡಾಕ್ಟರು ಹೇಳಿದರಂತೆ. ಸಾಹೇಬರು ಅದನ್ನು ನಂಬಲಿಲ್ಲ. ಶಿರಾಕ್ಕೆ ಬಂದು, ಹಸಿರು ಬಟ್ಟೆಯ ಮರೆ ಕಟ್ಟಿಕೊಂಡು, ಅಂಗಡಿಯ ಮೂಲೆಯಲ್ಲಿ ಕೂತುಬಿಟ್ಟರು. "ನಂ ಅಣ್ಣಂಗೂ ಮೊದ್ಲು ಇಂಗೇ ಬೆಳಕು ಬಂದಿತ್ತು. ಆಮೇಲೆ ಹೋಯ್ತು," ಎಂದು ಒಮ್ಮೆ ಹೇಳಿದರು. ಅಂಟಿನ ಪಾತ್ರೆ ಒಣಗಿತು. ಆ ಒಂದೂವರೆ ತಿಂಗಳು ನಾನು ನೆಮ್ಮದಿಯಾಗಿ ಅನ್ನ ತಿನ್ನಲಿಲ್ಲ. ಜುಲೇಖಾಬಿ ಒಂದು ದಿನವೂ ನನ್ನನ್ನು ದೂರಲಿಲ್ಲ. ದೂರಿದ್ದರೆ ಮೇಲಾಗಿತ್ತು. ಆಕೆಯ ಗಂಡನಿಗೆ ಇದ್ದ ಮಬ್ಬು ಬೆಳಕನ್ನು ಒಂದು ಕಾಗದದ ಹಕ್ಕಿಗಾಗಿ ಪಣಕ್ಕಿಡಿಸಿದವಳು ನಾನು. ಗಾಳಿ ಆಗಲೇ ನಿಂತುಹೋಗಿತ್ತು, ಒಂದೆರಡು ಒಳ್ಳೆಯ ಮಳೆಯೂ ಆಯಿತು, ಕೆರೆಯಲ್ಲಿ ನೀರು ಮಿನುಗಿತು. ನಾನು ಏರಿಯ ಕಡೆಗೇ ಹೋಗಲಿಲ್ಲ.

ಕನ್ನಡಕ ಬಂದದ್ದು ಒಂದು ಶುಕ್ರವಾರ, ನಮಾಜು ಮುಗಿದ ಹೊತ್ತಿಗೆ. ಮಧುಗಿರಿಯಿಂದ ಅಳಿಯ ತಂದುಕೊಟ್ಟಿದ್ದ. ಜುಲೇಖಾಬಿ ಹೇಳಿಕಳಿಸಿದ್ದಳು. ನಾನು, ನನ್ನ ಹಿಂದೆ ರಂಗಮ್ಮ, ಇಬ್ಬರೂ ಬಾಗಿಲಲ್ಲಿ ನಿಂತೆವು. ಸೀಸೆಯ ತಳದಷ್ಟು ದಪ್ಪ ಗಾಜುಗಳ ಹಿಂದೆ ಸಾಹೇಬರ ಕಣ್ಣುಗಳು ದೊಡ್ಡದಾಗಿ, ಯಾರದ್ದೋ ಕಣ್ಣುಗಳಂತೆ ಕಂಡವು. ಅವರು ಹೆಂಡತಿಯನ್ನು ನೋಡಲಿಲ್ಲ. ನಮ್ಮನ್ನೂ ನೋಡಲಿಲ್ಲ. ತಲೆ ತಗ್ಗಿಸಿ, ಮೊದಲಿನ ಹಾಗೆ ಕೈಯಿಂದಲೇ ತಡವಿ, ಪಕ್ಕದಲ್ಲಿದ್ದ ಬೆಳ್ಳಕ್ಕಿಯ ಪುಸ್ತಕ ತೆಗೆದುಕೊಂಡರು. ಕಟ್ಟಿದ ಪುಸ್ತಕವನ್ನು ಪರೀಕ್ಷೆ ಮಾಡುವ ರೂಢಿಯಲ್ಲೇ ಬಲಗೈಯಲ್ಲಿ ಬೆನ್ನು ಹಿಡಿದು, ಎಡ ಹೆಬ್ಬೆರಳಿನಿಂದ ಹಾಳೆಗಳನ್ನೆಲ್ಲ ಎತ್ತಿದರು. ಎತ್ತಿದರೆ ಎದುರಿಗೆ ಬರುವುದು ತಳದ ಹಾಳೆ, ಕೊನೆಯದು.

ಅವರು ಅದನ್ನೇ ನೋಡಿದರು. ಕನ್ನಡಕದ ಹತ್ತಿರಕ್ಕೆ ತಂದರು.

"ಏನೂ ಇಲ್ಲ," ಎಂದರು. "ಬೇಟಿ, ಏನೂ ಕಾಣ್ಸಲ್ಲ. ಬಿಳುಪು. ಬರೀ ಬಿಳುಪು."

ಜುಲೇಖಾಬಿ ಬಾಯಿಗೆ ಸೆರಗು ತುರುಕಿಕೊಂಡಳು. ನನಗೆ ಕೂಗಿ ಹೇಳಬೇಕೆನ್ನಿಸಿತು, ಅದು ಖಾಲಿ ಹಾಳೆ ಸಾಹೇಬರೇ, ನಾನೇ ಖಾಲಿ ಬಿಟ್ಟದ್ದು ಎಂದು. ಅಷ್ಟರಲ್ಲಿ ಹೆಬ್ಬೆರಳಿನ ಹಿಡಿತ ತಾನಾಗಿ ಸಡಿಲಿ ಹಾಳೆಗಳು ಬೀಳತೊಡಗಿದವು. ಒಂದು, ಎರಡು, ಮೂರು, ನಾಲ್ಕು ಬಿಳಿ ಹಾಳೆಗಳು. ಇನ್ನೂ ಎರಡು. ಆಮೇಲೆ ಅವರ ಹುಬ್ಬು ಗಂಟಿಕ್ಕಿತು. ಒಂದು ಚುಕ್ಕೆ ಬಿದ್ದಿರಬೇಕು ಕಣ್ಣಿಗೆ. ಫರ್ರೆಂದು ಉಳಿದ ಹಾಳೆಗಳೆಲ್ಲ ಒಂದೇ ಉಸಿರಿಗೆ ಬಿದ್ದವು. ಅವರು ಮತ್ತೆ ಎತ್ತಿದರು, ಮತ್ತೆ ಬಿಟ್ಟರು. ಈ ಸಲ ನಿಧಾನವಾಗಿ.

"ಬಂತು," ಎಂದರು. "ಬಂತು ಬೇಟಿ. ಎಲ್ಲಿಂದ್ಲೋ ಬಂತು. ರೆಕ್ಕೆ ಬಿಚ್ಕೊಂಡು ಬಂದು ನೀರಿಗಿಳೀತು. ನಿಂತ್ಕೊಂಡ್ತು. ನೋಡು ಜುಲೇಖಾ, ನಿಂತೇ ಇದೆ."

ಹಾರಿಹೋಗಲೆಂದು ನಾನು ಬರೆದ ಹಕ್ಕಿ ಅದು. ಅದು ತಿರುಗಿ ಬರುವುದನ್ನು ಊರಿನಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ನಾನು ಬಾಗಿಲಿಗೆ ಒರಗಿ ಜೋರಾಗಿ ಅತ್ತುಬಿಟ್ಟೆ. ರಂಗಮ್ಮ, "ಯಾಕಮ್ಮ ಅಳ್ತೀರಿ, ಬಂತಲ್ಲ," ಎಂದು ತಾನೂ ಅಳುತ್ತ ನನ್ನ ಬೆನ್ನು ಸವರಿದಳು.

ಎಷ್ಟೋ ಹೊತ್ತಿನ ಮೇಲೆ, ಮೇಲಿನಿಂದ ಬಿಟ್ಟರೆ ಅದು ಹಾರಿಹೋಗುವುದೂ ಕಾಣುತ್ತದೆ, ತೋರಿಸಲೇ ಎಂದು ಕೇಳಿದೆ. ಸಾಹೇಬರು ಪುಸ್ತಕವನ್ನು ಎದೆಗೆ ಒತ್ತಿಕೊಂಡು, ದೊಡ್ಡದಾದ ಆ ಕಣ್ಣುಗಳಿಂದ ಮೊದಲ ಸಲ ನನ್ನ ಮುಖವನ್ನು ನೋಡಿದರು.

"ಬೇಡ ಬೇಟಿ," ಎಂದರು. "ಈಗ ತಾನೇ ಬಂದಿದೆ."